ಮೂತ್ರ ಸೋರಿಕೆ: ನಾಚಿಕೆಯಿಂದ ಅಳತೆಯವರೆಗೆ

ಪ್ರಾಥಮಿಕ ಶಾಲೆಯಲ್ಲಿ ಕಿರುಬೆರಳು ತೋರಿಸಿ "ಒಂದಕ್ಕೆ" ಹೋಗಲು ಅಪ್ಪಣೆ ಕೇಳಿದ ನೆನಪು ನಿಮ್ಮೆಲ್ಲರಿಗೂ ಇದ್ದೇ ಇರುತ್ತದೆ. ಅಪ್ಪಣೆ ಸಿಗುವವರೆಗೆ ತಡೆದುಕೊಳ್ಳುವುದನ್ನು ನಾವು ಎರಡು ಮೂರು ವರ್ಷದ ಮಕ್ಕಳಾಗಿದ್ದಾಗಲೇ ಕಲಿಯಲು ತೊಡಗಿರುತ್ತೇವೆ. ಒಮ್ಮೆ ಕಲಿತ ಮೇಲೆ ಅದೊಂದು ಸಾಮರ್ಥ್ಯ ಎಂಬುದನ್ನೇ ಮರೆತುಬಿಡುತ್ತೇವೆ. ದೊಡ್ಡವರಾದ ಮೇಲೆ ಯಾವುದೋ ಕಾರಣದಿಂದ ಆ ಹಿಡಿತ ತಪ್ಪಿದರೆ ಏನಾಗುತ್ತದೆ? ಬಹುಪಾಲು ಜನ ಯಾರಿಗೂ ಹೇಳುವುದಿಲ್ಲ. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾರೆ, ಬಸ್ ಪ್ರಯಾಣಕ್ಕೆ ಹೆದರುತ್ತಾರೆ, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕಾರಣ ಕೇಳಿದರೆ "ವಯಸ್ಸಾಯಿತಲ್ಲ" ಎನ್ನುತ್ತಾರೆ.

ಇದಕ್ಕೆ ಮೂತ್ರ ಸೋರಿಕೆ ಎಂದು ಹೆಸರು. ಇಚ್ಛೆಯಿಲ್ಲದೆ ಮೂತ್ರ ಹೊರಬರುವುದು ಎಂದು ಸರಳವಾಗಿ ಹೇಳಬಹುದು. ಜಗತ್ತಿನ ನಾನಾ ಕಡೆ ನಡೆದ ಸಮೀಕ್ಷೆಗಳನ್ನು ಒಟ್ಟಿಗೆ ನೋಡಿದರೆ, ವಯಸ್ಕ ಮಹಿಳೆಯರಲ್ಲಿ ಸುಮಾರು ಕಾಲು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಜನರಿಗೆ ಇದರ ಅನುಭವವಿದೆ. ಪುರುಷರಲ್ಲಿ ಪ್ರಮಾಣ ಕಡಿಮೆ, ಆದರೆ ವಯಸ್ಸಿನೊಂದಿಗೆ ಏರುತ್ತದೆ. ಇಷ್ಟು ಸಾಮಾನ್ಯವಾದ ತೊಂದರೆಯನ್ನು ವೈದ್ಯಶಾಸ್ತ್ರ ಸರಿಯಾಗಿ ವಿಂಗಡಿಸಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. ಸೋರಿಕೆ ಒಂದೇ ರೋಗವಲ್ಲ. ಬೇರೆ ಬೇರೆ ದೋಷಗಳಿಂದ ಹುಟ್ಟುವ ಒಂದೇ ಲಕ್ಷಣ. ಒಂದು ಬಗೆಗೆ ಮದ್ದಾದದ್ದು ಇನ್ನೊಂದು ಬಗೆಗೆ ಕೇಡಾಗಬಹುದು. ಈ ತಿಳಿವಳಿಕೆ ಹೇಗೆ ಬಂತು, ಅದಕ್ಕೆ ಯಾರು ಯಾರು ಬೆಲೆ ತೆತ್ತರು ಎಂಬುದೇ ಈ ಲೇಖನದ ವಿಷಯ.

ಮೂತ್ರಕೋಶದ ಎರಡು ಕೆಲಸ

ಮೊದಲು ಯಂತ್ರವನ್ನು ನೋಡೋಣ. ಮೂತ್ರಪಿಂಡಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರ ತಯಾರಿಸುತ್ತವೆ. ಅದು ಎರಡು ಮೂತ್ರವಾಹಿನಿಗಳ ಮೂಲಕ ಹನಿಹನಿಯಾಗಿ ಮೂತ್ರಕೋಶಕ್ಕೆ ಇಳಿಯುತ್ತದೆ. ಮೂತ್ರಕೋಶ ಸ್ನಾಯುವಿನ ಚೀಲ. ಅದಕ್ಕೆ ಎರಡೇ ಕೆಲಸ: ತುಂಬಿಸಿಕೊಳ್ಳುವುದು, ಬರಿದು ಮಾಡುವುದು. ತುಂಬುವಾಗ ಚೀಲದ ಸ್ನಾಯು ಸಡಿಲವಾಗಿರಬೇಕು, ಕೆಳಗಿನ ಮೂತ್ರನಾಳದ ಸುತ್ತ ಇರುವ ಉಂಗುರದಂಥ ಸ್ನಾಯು ಬಿಗಿಯಾಗಿರಬೇಕು. ಬರಿದಾಗುವಾಗ ಇದು ತಿರುವುಮುರುವಾಗಬೇಕು. ವಯಸ್ಕರ ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅದರ ಅರ್ಧಕ್ಕೂ ಮೊದಲೇ "ಹೋಗಬೇಕು" ಎಂಬ ಮೊದಲ ಸೂಚನೆ ಬರುತ್ತದೆ.

ಈ ಎರಡು ಸ್ನಾಯುಗಳ ಹೊಂದಾಣಿಕೆ ನರಗಳ ಕೆಲಸ. ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ನರಗಳು ಮೂತ್ರಕೋಶವನ್ನು ಹಿಂಡುವಂತೆ ಮಾಡುತ್ತವೆ. ಆದರೆ ಅಪ್ಪಣೆ ಬರುವುದು ಮೇಲಿನಿಂದ. 1925ರಲ್ಲಿ ಲಂಡನ್ನಿನ ಬ್ಯಾರಿಂಗ್ಟನ್ ಎಂಬ ಶಸ್ತ್ರವೈದ್ಯ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ, ಮೆದುಳಿನ ಕಾಂಡಭಾಗದಲ್ಲಿ ಮೂತ್ರ ವಿಸರ್ಜನೆಯನ್ನು ನಡೆಸುವ ಕೇಂದ್ರವೊಂದು ಇದೆ ಎಂದು ತೋರಿಸಿದ. ಅದರ ಮೇಲೆ ಹಿಡಿತವಿಟ್ಟಿರುವುದು ಮೆದುಳಿನ ಮುಂಭಾಗ. "ಈಗ ಬೇಡ, ಗಂಟೆ ಹೊಡೆಯಲಿ" ಎಂದು ಹೇಳುವುದು ಅದೇ.

ಆದ್ದರಿಂದ ಸೋರಿಕೆಗೆ ಹಲವು ದಾರಿಗಳಿವೆ. ಚೀಲ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಬಹುದು. ಉಂಗುರ ಸಡಿಲವಾಗಬಹುದು. ಚೀಲ ಬರಿದಾಗದೆ ತುಂಬಿ ಹರಿಯಬಹುದು. ಚೀಲಕ್ಕೇ ತೂತು ಬೀಳಬಹುದು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ: ಒದ್ದೆಯಾದ ಬಟ್ಟೆ. ಇತಿಹಾಸದ ಬಹುಕಾಲ ವೈದ್ಯರೂ ಅಷ್ಟನ್ನೇ ಕಂಡರು.

ಹಳೆಯ ದಾಖಲೆಗಳು

ಈಜಿಪ್ಟಿನ ಎಬರ್ಸ್ ಪಪೈರಸ್ ಸುಮಾರು ಕ್ರಿ.ಪೂ. 1550ರದು. ಮೂತ್ರ ಪದೇ ಪದೇ ಹೋಗುವುದಕ್ಕೂ ತಡೆಯಲಾಗದಿರುವುದಕ್ಕೂ ಅದರಲ್ಲಿ ಮದ್ದುಗಳಿವೆ. ಅದಕ್ಕೂ ಹಳೆಯ ಸಾಕ್ಷಿ ಒಂದು ದೇಹವೇ. ಹೆನ್‌ಹೆನಿತ್ ಎಂಬಾಕೆ ಕ್ರಿ.ಪೂ. 2050ರ ಸುಮಾರಿಗೆ ಎರಡನೆಯ ಮೆಂಟುಹೋಟೆಪ್ ದೊರೆಯ ಆಸ್ಥಾನದಲ್ಲಿದ್ದ ಸ್ತ್ರೀ. 1935ರಲ್ಲಿ ಕೈರೋದ ಡಾ. ಡೆರಿ ಆಕೆಯ ಮಮ್ಮಿಯನ್ನು ಪರೀಕ್ಷಿಸಿದಾಗ ಮೂತ್ರಕೋಶಕ್ಕೂ ಯೋನಿಮಾರ್ಗಕ್ಕೂ ನಡುವೆ ದೊಡ್ಡ ತೂತು ಕಂಡಿತು. ಕಷ್ಟದ ಹೆರಿಗೆಯೇ ಇದಕ್ಕೆ ಕಾರಣವಾಗಿರಬೇಕು. ನಾಲ್ಕು ಸಾವಿರ ವರ್ಷಗಳ ಹಿಂದಿನ ಈ ಗಾಯದ ಹೆಸರು ಫಿಸ್ಟುಲಾ.

ಹನ್ನೊಂದನೆಯ ಶತಮಾನದ ಪರ್ಷಿಯದ ವೈದ್ಯ ಇಬ್ನ್ ಸಿನಾ ಈ ಗಾಯದ ಕಾರಣವನ್ನು ಸರಿಯಾಗಿಯೇ ಊಹಿಸಿದ್ದ. ತೀರ ಎಳೆಯ ವಯಸ್ಸಿನಲ್ಲಿ ಮದುವೆಯಾದ ಹುಡುಗಿಯರಲ್ಲಿ ಹೆರಿಗೆಯಿಂದ ಮೂತ್ರಕೋಶ ಹರಿದು ಜೀವನವಿಡೀ ಮೂತ್ರ ಸೋರಬಹುದು, ಅಂಥವರಿಗೆ ಗರ್ಭ ನಿಲ್ಲದಂತೆ ವೈದ್ಯ ಸಲಹೆ ನೀಡಬೇಕು ಎಂದು ಅವನು ಬರೆದ. ಬಾಲ್ಯವಿವಾಹದ ವಿರುದ್ಧ ವೈದ್ಯಶಾಸ್ತ್ರದ ಅತಿ ಹಳೆಯ ಎಚ್ಚರಿಕೆಗಳಲ್ಲಿ ಇದೂ ಒಂದು.

ನಮ್ಮ ದೇಶದ ಗ್ರಂಥಗಳಲ್ಲೂ ಈ ವಿಷಯ ಬಂದಿದೆ. ಚರಕ ಸಂಹಿತೆಯಲ್ಲಿ ದೇಹದ ಸಹಜ ವೇಗಗಳನ್ನು ತಡೆಯಬಾರದೆಂದು ಹೇಳಲು ಒಂದು ಅಧ್ಯಾಯವೇ ಇದೆ. ಮೂತ್ರದ ವೇಗ ಅವುಗಳಲ್ಲೊಂದು. ಸುಶ್ರುತ ಸಂಹಿತೆ ಮೂತ್ರಾಘಾತವನ್ನು 12 ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಬಹುಪಾಲು ಮೂತ್ರ ಕಟ್ಟಿಕೊಳ್ಳುವ ಅಥವಾ ಸಲೀಸಾಗಿ ಹೊರಬರದ ಸ್ಥಿತಿಗಳು. ಬಹಳ ಹೊತ್ತು ತಡೆದವರಿಗೆ ಆಮೇಲೆ ಮೂತ್ರ ಸರಿಯಾಗಿ ಬರದ ಸ್ಥಿತಿಗೆ ಅಲ್ಲಿ ಮೂತ್ರಾತೀತ ಎಂಬ ಹೆಸರಿದೆ. ಲಕ್ಷಣ ನೋಡಿ ಬಗೆಗಳನ್ನು ಬೇರ್ಪಡಿಸುವ ಯತ್ನ ನಮ್ಮಲ್ಲೂ ನಡೆದಿತ್ತು ಎಂಬುದನ್ನು ಗಮನಿಸಿ. ಆದರೆ ಒಳಗೆ ಏನಾಗುತ್ತಿದೆ ಎಂದು ನೋಡುವ, ಅಳೆಯುವ ಸಾಧನ ಆಗ ಎಲ್ಲಿಯೂ ಇರಲಿಲ್ಲ.

ಮಾಂಟ್ಗೊಮರಿಯ ಮೂವರು ಹೆಂಗಸರು

ತೂತು ಬಿದ್ದ ಮೂತ್ರಕೋಶವನ್ನು ಹೊಲಿಯಬಹುದು ಎಂಬುದು ಖಚಿತವಾಗಿ ಸಾಬೀತಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮರಿಯಲ್ಲಿ ಜೆ. ಮರಿಯನ್ ಸಿಮ್ಸ್ ಎಂಬ ವೈದ್ಯನಿದ್ದ. ಅಲ್ಲಿ ಆಗ ಗುಲಾಮಗಿರಿ ಜಾರಿಯಲ್ಲಿತ್ತು. 1845ರಲ್ಲಿ ಅನಾರ್ಕಾ ಎಂಬ ಗುಲಾಮ ಹುಡುಗಿಯ ಹೆರಿಗೆಗೆ ಅವನನ್ನು ಕರೆಸಲಾಯಿತು. ಆಕೆಗೆ ಸುಮಾರು ಹದಿನೇಳು ವರ್ಷ. ಮೂರು ದಿನಗಳಿಂದ ಬೇನೆ ತಿನ್ನುತ್ತಿದ್ದಳು. ಮಗುವಿನ ತಲೆ ಅಷ್ಟು ಹೊತ್ತು ಮೂಳೆಗೆ ಒತ್ತಿ ನಿಂತಾಗ ನಡುವೆ ಸಿಕ್ಕಿದ ಅಂಗಾಂಶಕ್ಕೆ ರಕ್ತ ಹರಿಯುವುದಿಲ್ಲ. ಕೆಲವು ದಿನಗಳಲ್ಲಿ ಅದು ಸತ್ತು ಕಳಚಿ ತೂತಾಗುತ್ತದೆ. ಅನಾರ್ಕಾಳಿಗೂ ಹಾಗೆಯೇ ಆಯಿತು.

ಆಕೆಯನ್ನೂ, ಇದೇ ತೊಂದರೆಯಿದ್ದ ಲೂಸಿ, ಬೆಟ್ಸಿ ಮತ್ತು ಇತರ ಗುಲಾಮ ಹೆಂಗಸರನ್ನೂ ಸಿಮ್ಸ್ ತನ್ನ ಮನೆಯ ಹಿತ್ತಲಿನ ಪುಟ್ಟ ಆಸ್ಪತ್ರೆಯಲ್ಲಿ ಇರಿಸಿಕೊಂಡ. ನಾಲ್ಕು ವರ್ಷಗಳ ಕಾಲ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿದ. ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು, ಕೀವಾಗುತ್ತಿತ್ತು. ಅರಿವಳಿಕೆ ಕೊಡಲಿಲ್ಲ. ಬಾಸ್ಟನ್ನಿನಲ್ಲಿ ಈಥರ್ ಬಳಕೆಯ ಸಾರ್ವಜನಿಕ ಪ್ರದರ್ಶನ ನಡೆದದ್ದು 1846ರಲ್ಲಿ. ಆ ಬಳಿಕವೂ ಇವರಿಗೆ ಅದು ಸಿಗಲಿಲ್ಲ. ಒಬ್ಬಳ ಶಸ್ತ್ರಕ್ರಿಯೆಗೆ ಉಳಿದವರೇ ಸಹಾಯಕರಾಗಿ ನಿಲ್ಲುತ್ತಿದ್ದರು. ರೇಷ್ಮೆ ದಾರದ ಬದಲು ಬೆಳ್ಳಿಯ ತಂತಿಯಿಂದ ಹೊಲಿದಾಗ, 1849ರಲ್ಲಿ, ಅನಾರ್ಕಾಳ ತೂತು ಮುಚ್ಚಿತು. ಅದು ಆಕೆಗೆ ನಡೆದ ಮೂವತ್ತನೆಯ ಶಸ್ತ್ರಕ್ರಿಯೆ.

1852ರಲ್ಲಿ ಸಿಮ್ಸ್ ತನ್ನ ವಿಧಾನವನ್ನು ಪ್ರಕಟಿಸಿದ. 1855ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಆಸ್ಪತ್ರೆ ತೆರೆಯಲು ಕಾರಣನಾದ. ಬಹುಕಾಲ ಅವನನ್ನು ಸ್ತ್ರೀರೋಗ ಶಸ್ತ್ರಚಿಕಿತ್ಸೆಯ ಪಿತಾಮಹ ಎಂದು ಕರೆಯಲಾಯಿತು. ಆ ಹೆಂಗಸರು ಒಪ್ಪಿದ್ದರು ಎಂದು ಅವನು ಬರೆದಿದ್ದಾನೆ. ಆದರೆ ಬೇರೊಬ್ಬರ ಸ್ವತ್ತಾಗಿದ್ದವರಿಗೆ "ಒಲ್ಲೆ" ಎನ್ನುವ ಹಕ್ಕೇ ಇರಲಿಲ್ಲ. ಅವರ ಮಾತು ದಾಖಲಾಗಿಲ್ಲ; ಹೆಸರುಗಳು ಉಳಿದದ್ದು ಸಿಮ್ಸ್‌ನ ಬರಹದಿಂದ. 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆಯನ್ನು ತೆಗೆದುಹಾಕಲಾಯಿತು. 2021ರಲ್ಲಿ ಮಾಂಟ್ಗೊಮರಿಯಲ್ಲಿ ಈ ಮೂವರು ಹೆಂಗಸರ ಸ್ಮಾರಕ ಎದ್ದಿತು. ವೈದ್ಯಕೀಯ ಪ್ರಯೋಗಕ್ಕೆ ರೋಗಿಯ ಒಪ್ಪಿಗೆ ಏಕೆ ಬೇಕು ಎಂದು ನಿಮ್ಮ ತರಗತಿಯಲ್ಲಿ ಚರ್ಚೆ ಬಂದರೆ ಈ ಮೂರು ಹೆಸರುಗಳನ್ನು ನೆನಪಿಡಿ.

ಹೆರಿಗೆಗೆ ಸಕಾಲದಲ್ಲಿ ವೈದ್ಯಕೀಯ ನೆರವು ಸಿಗುವ ದೇಶಗಳಲ್ಲಿ ಈ ಬಗೆಯ ಫಿಸ್ಟುಲಾ ಹೆಚ್ಚುಕಡಿಮೆ ಮಾಯವಾಗಿದೆ. ಸಿಗದ ಕಡೆ ಇನ್ನೂ ಇದೆ. ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ದಂಪತಿಗಳು 1959ರಲ್ಲಿ ಇಥಿಯೋಪಿಯಕ್ಕೆ ಹೋಗಿ, 1974ರಲ್ಲಿ ಅಡಿಸ್ ಅಬಾಬದಲ್ಲಿ ಫಿಸ್ಟುಲಾಕ್ಕೆಂದೇ ಆಸ್ಪತ್ರೆ ಸ್ಥಾಪಿಸಿದರು. ಅವರು ಕಟ್ಟಿದ ಸಂಸ್ಥೆಯಲ್ಲಿ ಈವರೆಗೆ 60,000ಕ್ಕೂ ಹೆಚ್ಚು ಮಹಿಳೆಯರು ಚಿಕಿತ್ಸೆ ಪಡೆದಿದ್ದಾರೆ. 2013ರಿಂದ ವಿಶ್ವಸಂಸ್ಥೆ ಮೇ 23ನ್ನು ಫಿಸ್ಟುಲಾ ನಿರ್ಮೂಲನದ ದಿನವಾಗಿ ಆಚರಿಸುತ್ತಿದೆ.

ತೂತಿಲ್ಲದೆಯೂ ಸೋರುವುದೇಕೆ?

ಫಿಸ್ಟುಲಾ ಇದ್ದವರಿಗೆ ಹಗಲು ರಾತ್ರಿ ಎನ್ನದೆ ಸೋರುತ್ತದೆ. ಆದರೆ ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ತುಂಬಿದ ಕೊಡ ಎತ್ತಿದಾಗ ಮಾತ್ರ ಸೋರುವವರೂ ಇದ್ದಾರೆ. ಅವರ ಮೂತ್ರಕೋಶದಲ್ಲಿ ಯಾವ ಗಾಯವೂ ಕಾಣದು. 1914ರಲ್ಲಿ ಬಾಲ್ಟಿಮೋರಿನ ಹೋವರ್ಡ್ ಕೆಲಿ ಮತ್ತು ಡಮ್ ಪ್ರಕಟಿಸಿದ ಲೇಖನ ಇಂಥವರನ್ನೇ ಕುರಿತದ್ದು. ಮೂತ್ರಕೋಶದ ಕೊರಳು ಸಡಿಲವಾಗಿರುವುದೇ ಕಾರಣವೆಂದು ತಿಳಿದು, ಅದನ್ನು ಹೊಲಿಗೆಯಿಂದ ಬಿಗಿ ಮಾಡುವ ಕ್ರಮವನ್ನು ಕೆಲಿ ರೂಪಿಸಿದ. ಜರ್ಮನಿಯಲ್ಲಿ ಸ್ನಾಯುವಿನ ಪಟ್ಟಿಯನ್ನು ಜೋಲಿಯಂತೆ ಮೂತ್ರನಾಳದ ಕೆಳಗೆ ಕಟ್ಟುವ ಪ್ರಯತ್ನಗಳು ನಡೆದವು. 1949ರಲ್ಲಿ ಮಾರ್ಷಲ್, ಮಾರ್ಕೆಟಿ, ಕ್ರಾಂಟ್ಸ್ ಎಂಬ ಮೂವರು ಅಮೆರಿಕನ್ ವೈದ್ಯರೂ, 1961ರಲ್ಲಿ ಬರ್ಚ್ ಎಂಬವನೂ ಮೂತ್ರಕೋಶದ ಕೊರಳನ್ನು ಮೇಲೆತ್ತಿ ಕಟ್ಟುವ ಶಸ್ತ್ರಕ್ರಿಯೆಗಳನ್ನು ಪ್ರಕಟಿಸಿದರು.

ಶಸ್ತ್ರವೈದ್ಯರು ಹೊಲಿಗೆಯ ಬಗ್ಗೆ ಯೋಚಿಸುತ್ತಿದ್ದಾಗ ಲಾಸ್ ಏಂಜಲಿಸ್‌ನ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗ ತಜ್ಞ ಬೇರೆ ದಾರಿ ಹಿಡಿದ. ಸೊಂಟದ ಮೂಳೆಗಳ ನಡುವೆ, ಕೆಳಭಾಗದಲ್ಲಿ, ಜೋಳಿಗೆಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶಗಳನ್ನು ಹೊತ್ತು ನಿಂತ ಸ್ನಾಯುಗಳಿವೆ. ಹೆರಿಗೆಯಲ್ಲಿ ಇವು ಎಳೆದಾಡಿ ದುರ್ಬಲವಾಗುತ್ತವೆ. ಕೈಕಾಲಿನ ಸ್ನಾಯುವನ್ನು ವ್ಯಾಯಾಮದಿಂದ ಬಲಪಡಿಸಬಹುದಾದರೆ ಇವನ್ನೇಕೆ ಆಗದು? ಆದರೆ ಕಣ್ಣಿಗೆ ಕಾಣದ ಸ್ನಾಯುವನ್ನು ಸರಿಯಾಗಿ ಬಿಗಿಯುತ್ತಿದ್ದೇನೆಯೇ ಎಂದು ಆಕೆಗೆ ತಿಳಿಯುವುದು ಹೇಗೆ? ಕೆಗೆಲ್ ಒಂದು ಸರಳ ಸಾಧನ ಮಾಡಿದ. ಗಾಳಿ ತುಂಬಿದ ರಬ್ಬರಿನ ಕೊಳವೆ. ಅದಕ್ಕೆ ಸೇರಿಸಿದ ಒತ್ತಡ ಮಾಪಕ. ಸ್ನಾಯು ಬಿಗಿದಾಗ ಮುಳ್ಳು ಮೇಲೇರುತ್ತದೆ. ಆಕೆ ತನ್ನ ಪ್ರಗತಿಯನ್ನು ತಾನೇ ನೋಡಬಹುದು. 1948ರಲ್ಲಿ ಅವನು ಇದನ್ನು ವಿವರಿಸಿ ಬರೆದ. ಈ ಬಗೆಯ ಸೋರಿಕೆಗೆ ಇಂದಿಗೂ ಮೊದಲು ಸೂಚಿಸುವುದು ಕೆಗೆಲ್ ವ್ಯಾಯಾಮವನ್ನೇ. ಫಲ ಕಾಣಲು ಸರಿಯಾಗಿ ಕಲಿತು ಕನಿಷ್ಠ ಮೂರು ತಿಂಗಳು ಮಾಡಬೇಕು.

ಬೆನ್ನುಹುರಿ ಮುರಿದ ಸೈನಿಕರು

ಇನ್ನೊಂದು ಬಗೆಯ ಸೋರಿಕೆ ಯುದ್ಧಭೂಮಿಯಿಂದ ಬೆಳಕಿಗೆ ಬಂತು. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಅವರನ್ನು ಕೊಂದದ್ದು ಬಹುಪಾಲು ಗುಂಡಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಮೆದುಳಿನ ಅಪ್ಪಣೆ ತಲುಪದ ಮೂತ್ರಕೋಶ ಬರಿದಾಗುವುದಿಲ್ಲ. ತುಂಬಿ ಬಿಗಿದು ಕೊನೆಗೆ ಹನಿಹನಿಯಾಗಿ ಹೊರಸೂಸುತ್ತದೆ. ಕೆರೆ ತುಂಬಿ ಕೋಡಿ ಹರಿದಂತೆ. ನೋಡುವವರು ಮೂತ್ರ ಹೋಗುತ್ತಿದೆ ಎಂದುಕೊಳ್ಳುತ್ತಾರೆ. ಒಳಗೆ ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ, ಹಿಂದಕ್ಕೆ ಒತ್ತಡ ಬಿದ್ದು ಮೂತ್ರಪಿಂಡ ಕೆಡುತ್ತದೆ.

1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ, ತುದಿಯಲ್ಲಿ ಪುಟ್ಟ ಬಲೂನ್ ಇರುವ ಕ್ಯಾಥಿಟರ್ ರೂಪಿಸಿದ್ದ. ಆಸ್ಪತ್ರೆಗಳಲ್ಲಿ ನೀವು ನೋಡಿರುವ, ಮಂಚದ ಬದಿಗೆ ಚೀಲ ತೂಗುಬಿಟ್ಟ ಕೊಳವೆ ಸಾಮಾನ್ಯವಾಗಿ ಇದೇ. ಆದರೆ ಸದಾ ಒಳಗಿರುವ ಕೊಳವೆ ಸೋಂಕಿಗೂ ದಾರಿ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ಆರಂಭಿಸಿದ ಲುಡ್ವಿಗ್ ಗುಟ್‌ಮನ್, ಕೊಳವೆಯನ್ನು ಆಗಾಗ ಹಾಕಿ ಬರಿದು ಮಾಡಿ ತೆಗೆಯುವ ಪದ್ಧತಿಯನ್ನು ಅತ್ಯಂತ ಶುಚಿಯಾಗಿ ನಡೆಸಿದ. ಗುಟ್‌ಮನ್ ಹೆಸರು ನಿಮಗೆ ಬೇರೆ ಕಡೆ ಸಿಕ್ಕಿರಬಹುದು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಅವನು ಆರಂಭಿಸಿದ ಗಾಲಿಕುರ್ಚಿಯ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. 1972ರಲ್ಲಿ ಮಿಶಿಗನ್ನಿನ ಜಾಕ್ ಲಾಪಿಡ್ಸ್ ಇನ್ನೊಂದು ಹೆಜ್ಜೆ ಇಟ್ಟ. ಶಸ್ತ್ರಕ್ರಿಯೆ ಕೊಠಡಿಯ ಶುಚಿತ್ವ ಬೇಕಿಲ್ಲ, ಸೋಪು ನೀರಿನಲ್ಲಿ ಕೈ ತೊಳೆದು ರೋಗಿ ತಾನೇ ದಿನಕ್ಕೆ ಕೆಲವು ಸಲ ಕೊಳವೆ ಹಾಕಿಕೊಳ್ಳಬಹುದು ಎಂದು ತೋರಿಸಿದ. ಇದರಿಂದ ಸಾವಿರಾರು ಜನ ಮನೆಯಲ್ಲೇ, ಕೆಲಸದ ಜಾಗದಲ್ಲೇ ತಮ್ಮ ಮೂತ್ರಪಿಂಡ ಉಳಿಸಿಕೊಳ್ಳುವಂತಾಯಿತು.

ಒಂದು ಕಳೆಯುವ ಲೆಕ್ಕ

ಈಗ ಒಂದು ಒಗಟು. ಕೆಮ್ಮಿದಾಗ ಸೋರುವ ಮಹಿಳೆಯರಿಗೆ ಮೂತ್ರಕೋಶದ ಕೊರಳು ಎತ್ತಿ ಕಟ್ಟಿದರೆ ಹಲವರಿಗೆ ಗುಣವಾಗುತ್ತಿತ್ತು. ಆದರೆ ಕೆಲವರಿಗೆ ಏನೂ ಆಗುತ್ತಿರಲಿಲ್ಲ, ಕೆಲವರಿಗೆ ಮೊದಲಿಗಿಂತ ಹೆಚ್ಚುತ್ತಿತ್ತು. ಒಂದೇ ದೂರು, ಒಂದೇ ಶಸ್ತ್ರಕ್ರಿಯೆ, ಫಲ ಮಾತ್ರ ಬೇರೆ. ಏಕೆ?

ಉತ್ತರಕ್ಕೆ ಒಳಗಿನ ಒತ್ತಡ ಅಳೆಯಬೇಕಿತ್ತು. ಇಟಲಿಯ ಮೊಸ್ಸೊ ಮತ್ತು ಪೆಲ್ಲಕಾನಿ 1880ರ ದಶಕದ ಆರಂಭದಲ್ಲೇ ಮೂತ್ರಕೋಶದ ಒತ್ತಡವನ್ನು ಅಳೆದು ದಾಖಲಿಸಿದ್ದರು. 1927ರಲ್ಲಿ ಅಮೆರಿಕದ ರೋಸ್ ಎಂಬಾತ ಸಿಸ್ಟೋಮೀಟರ್ ಎಂಬ ಸಾಧನವನ್ನು ಚಿಕಿತ್ಸಾಲಯಕ್ಕೆ ತಂದ. 1956ರಲ್ಲಿ ಸ್ವೀಡನ್ನಿನ ಫಾನ್ ಗ್ಯಾರೆಲ್ಟ್ಸ್ ಮೂತ್ರ ಹರಿಯುವ ವೇಗವನ್ನು ಗ್ರಾಫ್ ಮೇಲೆ ಮೂಡಿಸಿದ. 1961ರಲ್ಲಿ ಅದೇ ದೇಶದ ಎನ್‌ಹಾರ್ನಿಂಗ್ ಮೂತ್ರಕೋಶ ಮತ್ತು ಮೂತ್ರನಾಳ ಎರಡರ ಒತ್ತಡವನ್ನೂ ಏಕಕಾಲದಲ್ಲಿ ಅಳೆದ. ನಾಳದ ಒತ್ತಡ ಕೋಶದ ಒತ್ತಡಕ್ಕಿಂತ ಹೆಚ್ಚಿರುವವರೆಗೆ ಹನಿಯೂ ಹೊರಬರುವುದಿಲ್ಲ ಎಂಬ ಸರಳ ಭೌತಶಾಸ್ತ್ರ ಇದರಿಂದ ಸ್ಪಷ್ಟವಾಯಿತು.

ಇಲ್ಲೊಂದು ತೊಡಕಿದೆ. ಕೆಮ್ಮಿದಾಗ ಇಡೀ ಹೊಟ್ಟೆಯ ಒತ್ತಡ ಏರುತ್ತದೆ, ಅದರೊಂದಿಗೆ ಮೂತ್ರಕೋಶದ್ದೂ ಏರುತ್ತದೆ. ಹಾಗಿದ್ದಾಗ ಒತ್ತಡ ಹೊಟ್ಟೆಯಿಂದ ಬಂತೋ, ಮೂತ್ರಕೋಶದ ಸ್ನಾಯುವೇ ಹಿಂಡಿತೋ ತಿಳಿಯುವುದು ಹೇಗೆ? ಉಪಾಯ ಸುಲಭ. ಗುದನಾಳದಲ್ಲಿ ಇನ್ನೊಂದು ಸಣ್ಣ ಕೊಳವೆ ಇಟ್ಟು ಹೊಟ್ಟೆಯ ಒತ್ತಡ ಅಳೆಯಿರಿ. ಮೂತ್ರಕೋಶದ ಒತ್ತಡದಿಂದ ಅದನ್ನು ಕಳೆಯಿರಿ. ಉಳಿಯುವುದು ಸ್ನಾಯುವಿನ ಪಾಲು. ಉದಾಹರಣೆಗೆ, ಕೆಮ್ಮಿದ ಕ್ಷಣ ಮೂತ್ರಕೋಶದಲ್ಲಿ 80 ಸೆಂಟಿಮೀಟರ್ ನೀರಿನ ಒತ್ತಡ, ಹೊಟ್ಟೆಯಲ್ಲಿ 75 ಎಂದಿಟ್ಟುಕೊಳ್ಳಿ. ವ್ಯತ್ಯಾಸ ಬರೀ 5. ಸ್ನಾಯು ಶಾಂತವಾಗಿದೆ. ಆದರೂ ಸೋರಿದರೆ ದೋಷ ಉಂಗುರದಲ್ಲಿದೆ. ಇನ್ನೊಬ್ಬರಲ್ಲಿ ಮೂತ್ರಕೋಶದಲ್ಲಿ 45, ಹೊಟ್ಟೆಯಲ್ಲಿ 10 ಇದ್ದರೆ ವ್ಯತ್ಯಾಸ 35. ಸ್ನಾಯು ಕರೆಯದೆಯೇ ಹಿಂಡುತ್ತಿದೆ.

1970ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಬೇಟ್ಸ್, ವೈಟ್‌ಸೈಡ್ ಮತ್ತು ಟರ್ನರ್ ವಾರಿಕ್ ಒತ್ತಡ, ಹರಿವು ಮತ್ತು ಎಕ್ಸ್‌ರೇ ಚಲನಚಿತ್ರ ಮೂರನ್ನೂ ಒಟ್ಟಿಗೆ ದಾಖಲಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ಕೆಲವರಲ್ಲಿ ಕೆಮ್ಮೇ ಮೂತ್ರಕೋಶವನ್ನು ಕೆರಳಿಸಿ, ಒಂದೆರಡು ಕ್ಷಣ ಬಿಟ್ಟು ಅದು ಹಿಂಡಿಕೊಳ್ಳುತ್ತದೆ. ರೋಗಿ "ಕೆಮ್ಮಿದಾಗ ಸೋರಿತು" ಎನ್ನುವುದು ನಿಜ. ಆದರೆ ದೋಷ ಕೊರಳಿನಲ್ಲಿಲ್ಲ, ಚೀಲದಲ್ಲಿದೆ. ಅಂಥವರಿಗೆ ಕೊರಳು ಬಿಗಿದು ಪ್ರಯೋಜನವೇನು? ಮೂತ್ರಕೋಶವನ್ನು ಪೂರ್ತಿ ನಂಬಲಾಗದ ಸಾಕ್ಷಿ ಎಂದು ಈ ವೈದ್ಯರು ಬಣ್ಣಿಸಿದ್ದು ಇದಕ್ಕೇ.

ಹೆಸರುಗಳ ಒಪ್ಪಂದ

ಅಳತೆ ಬಂದರೆ ಸಾಲದು, ಎಲ್ಲರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸಬೇಕು. 1971ರಲ್ಲಿ ಎರಿಕ್ ಗ್ಲೆನ್ ಎಂಬ ವೈದ್ಯರ ಮುಂದಾಳುತನದಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಸೇರಿದ ತಜ್ಞರ ಕೂಟವೇ ಮುಂದೆ ಅಂತರರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿ ಆಯಿತು. 1976ರಿಂದ ಅದು ಪದಗಳ ವ್ಯಾಖ್ಯೆಗಳನ್ನು ಪ್ರಕಟಿಸತೊಡಗಿತು. ಮೊದಲ ವ್ಯಾಖ್ಯೆಯ ಪ್ರಕಾರ ಸೋರಿಕೆಯನ್ನು ವೈದ್ಯರ ಮುಂದೆ ಪ್ರತ್ಯಕ್ಷ ತೋರಿಸಲು ಸಾಧ್ಯವಾಗಬೇಕು, ಅದು ಸಾಮಾಜಿಕ ಅಥವಾ ಶುಚಿತ್ವದ ಸಮಸ್ಯೆಯಾಗಿರಬೇಕು. 2002ರಲ್ಲಿ ಇದು ಬದಲಾಯಿತು. ಇಚ್ಛೆಯಿಲ್ಲದೆ ಎಷ್ಟೇ ಮೂತ್ರ ಸೋರಿದರೂ, ವ್ಯಕ್ತಿ ಹಾಗೆಂದು ದೂರಿದರೆ ಅದು ಸೋರಿಕೆಯೇ. ಯಂತ್ರದ ಸಾಕ್ಷಿಯ ಜೊತೆಗೆ ಮನುಷ್ಯನ ಮಾತಿಗೂ ಬೆಲೆ ಸಿಕ್ಕಿತು.

ಈಗ ಮುಖ್ಯ ಬಗೆಗಳನ್ನು ಒಟ್ಟಿಗೆ ನೋಡೋಣ.

ಒತ್ತಡದ ಸೋರಿಕೆ: ಇಲ್ಲಿ ಒತ್ತಡ ಎಂದರೆ ಮನಸ್ಸಿನದಲ್ಲ, ಹೊಟ್ಟೆಯದು. ಕೆಮ್ಮು, ಸೀನು, ಭಾರ ಎತ್ತುವುದು ಇದನ್ನು ತರುತ್ತವೆ. ಹೆರಿಗೆ, ಬೊಜ್ಜು, ಬಿಡದ ಕೆಮ್ಮು ಕಾರಣಗಳು. ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆಯ ನಂತರ ಬರಬಹುದು.

ಆತುರದ ಸೋರಿಕೆ: ಇದ್ದಕ್ಕಿದ್ದಂತೆ ತಡೆಯಲಾಗದ ಅವಸರ, ಬಚ್ಚಲು ತಲುಪುವ ಮೊದಲೇ ಸೋರುವುದು. ಪಾರ್ಶ್ವವಾಯು, ಪಾರ್ಕಿನ್‌ಸನ್ ಕಾಯಿಲೆ, ಸೋಂಕು, ಕಲ್ಲು ಕಾರಣವಿರಬಹುದು. ಎಷ್ಟೋ ಸಲ ನಿರ್ದಿಷ್ಟ ಕಾರಣ ಸಿಗುವುದಿಲ್ಲ.

ಮಿಶ್ರ ಸೋರಿಕೆ: ಮೇಲಿನ ಎರಡೂ ಒಬ್ಬರಲ್ಲೇ ಇರುವುದು. ಮಹಿಳೆಯರಲ್ಲಿ ಇದು ಸಾಮಾನ್ಯ.

ತುಂಬಿ ಹರಿಯುವ ಸೋರಿಕೆ: ಪ್ರಾಸ್ಟೇಟ್ ಬೆಳೆದು ದಾರಿ ಕಟ್ಟಿದಾಗ, ಸಕ್ಕರೆ ಕಾಯಿಲೆಯಿಂದ ನರಗಳು ಕೆಟ್ಟಾಗ, ಬೆನ್ನುಹುರಿಗೆ ಪೆಟ್ಟಾದಾಗ ಬರುತ್ತದೆ.

ನಿರಂತರ ಸೋರಿಕೆ: ಫಿಸ್ಟುಲಾದಿಂದ. ಕಷ್ಟದ ಹೆರಿಗೆಯಷ್ಟೇ ಅಲ್ಲ, ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆ ಅಥವಾ ವಿಕಿರಣ ಚಿಕಿತ್ಸೆಯ ತೊಡಕಾಗಿಯೂ ಬರಬಹುದು.

ಕೊನೆಯದು, ಮೂತ್ರಕೋಶ ಸರಿಯಿದ್ದರೂ ಸಮಯಕ್ಕೆ ಬಚ್ಚಲು ಸೇರಲಾಗದವರದು. ಮಂಡಿನೋವು, ಮಂದ ದೃಷ್ಟಿ, ಮರೆಗುಳಿತನ, ಹಿತ್ತಲಿನ ಆಚೆ ಕತ್ತಲಲ್ಲಿರುವ ಪಾಯಖಾನೆ - ಇವೂ ಸೋರಿಕೆಯ ಕಾರಣಗಳೇ.

ಮುಪ್ಪಿನ ಮೇಲೆ ಹೊರೆ ಹೊರಿಸಬಾರದು

ವಯಸ್ಸಾದಂತೆ ಮೂತ್ರಕೋಶದ ಶಕ್ತಿ ಕುಗ್ಗುವುದು ನಿಜ. ಆದರೆ ಸೋರಿಕೆ ಮುಪ್ಪಿನ ಅನಿವಾರ್ಯ ಫಲವಲ್ಲ. 1985ರಲ್ಲಿ ನೀಲ್ ರೆಸ್ನಿಕ್ ಮತ್ತು ಸುಬ್ಬರಾವ್ ಯಲ್ಲಾ ಅಮೆರಿಕದ ಪ್ರಮುಖ ವೈದ್ಯ ಪತ್ರಿಕೆಯೊಂದರಲ್ಲಿ ವೃದ್ಧರ ಸೋರಿಕೆಯ ನಿರ್ವಹಣೆಯನ್ನು ಕುರಿತು ಬರೆದರು. ವೃದ್ಧರಲ್ಲಿ ತಾತ್ಕಾಲಿಕ, ಸರಿಪಡಿಸಬಹುದಾದ ಕಾರಣಗಳನ್ನು ಮೊದಲು ಹುಡುಕಬೇಕು ಎಂಬ ಕ್ರಮ ಆ ದಶಕದಲ್ಲಿ ನೆಲೆಗೊಂಡಿತು. ಹಠಾತ್ತಾಗಿ ಬಂದ ಮಾನಸಿಕ ಗೊಂದಲ, ಮೂತ್ರದ ಸೋಂಕು, ಮುಟ್ಟು ನಿಂತ ಮೇಲಿನ ಅಂಗಾಂಶದ ಒಣಗುವಿಕೆ, ಔಷಧಿಗಳು, ಖಿನ್ನತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಿಂದ ಹೆಚ್ಚಾದ ಮೂತ್ರ, ಓಡಾಡಲಾಗದಿರುವುದು, ಮಲಬದ್ಧತೆ. ಈ ಪಟ್ಟಿಯಲ್ಲಿ ಔಷಧಿಗಳನ್ನು ಗಮನಿಸಿ. ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆ, ನಿದ್ದೆಯ ಮಾತ್ರೆ, ಕೆಲವು ನೆಗಡಿ ಮಾತ್ರೆಗಳು ಸೋರಿಕೆಗೆ ಅಥವಾ ಮೂತ್ರ ಕಟ್ಟುವುದಕ್ಕೆ ಕಾರಣವಾಗಬಲ್ಲವು. ಹಾಗೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಬೇಕು.

ಇಂದಿನ ತಪಾಸಣೆ

ತಪಾಸಣೆ ಎಂದೊಡನೆ ದೊಡ್ಡ ಯಂತ್ರಗಳನ್ನು ಊಹಿಸಿಕೊಳ್ಳಬೇಡಿ. ಮೊದಲನೆಯದು ಮಾತುಕತೆ. ಯಾವಾಗ ಸೋರುತ್ತದೆ, ಎಷ್ಟು, ಎಂದಿನಿಂದ, ಹೆರಿಗೆ, ಶಸ್ತ್ರಕ್ರಿಯೆ, ಔಷಧಿಗಳ ವಿವರ ಏನು? ಎರಡನೆಯದು ಮೂತ್ರದ ದಿನಚರಿ. ಮೂರು ದಿನ ಎಷ್ಟು ಹೊತ್ತಿಗೆ ಏನು ಕುಡಿದರು, ಎಷ್ಟು ಸಲ ಹೋದರು, ಪ್ರತಿಸಲ ಎಷ್ಟು ಮಿಲಿಲೀಟರ್, ಯಾವಾಗ ಸೋರಿತು ಎಂದು ಬರೆದಿಡುವುದು. ಅಳತೆಯ ಲೋಟ ಮತ್ತು ನೋಟ್ ಪುಸ್ತಕ ಸಾಕು. ಪ್ರತಿಸಲ ಬಹಳ ಸ್ವಲ್ಪವೇ ಹೋಗುತ್ತಿದ್ದರೆ ಒಂದು ಅರ್ಥ. ರಾತ್ರಿ ಹೊತ್ತೇ ಮೂತ್ರ ಹೆಚ್ಚಾಗಿ ತಯಾರಾಗುತ್ತಿದ್ದರೆ ಇನ್ನೊಂದು ಅರ್ಥ. ಮೂರನೆಯದು ದೇಹ ಪರೀಕ್ಷೆ, ತುಂಬಿದ ಮೂತ್ರಕೋಶದೊಂದಿಗೆ ಕೆಮ್ಮಿಸಿ ನೋಡುವುದು. ನಾಲ್ಕನೆಯದು ಮೂತ್ರ ಪರೀಕ್ಷೆ: ಸೋಂಕು, ಸಕ್ಕರೆ, ರಕ್ತ ಇವೆಯೇ ಎಂದು. ಐದನೆಯದು, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬ ಅಳತೆ. ಅಲ್ಟ್ರಾಸೌಂಡ್‌ನಿಂದ ಇದನ್ನು ನೋವಿಲ್ಲದೆ ತಿಳಿಯಬಹುದು. 50 ಮಿಲಿಲೀಟರ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 200 ಮೀರಿದರೆ ಬರಿದಾಗುತ್ತಿಲ್ಲವೆಂದು ಸಂಶಯಪಡಬೇಕು.

ಈ ಕೊನೆಯ ಅಳತೆ ಏಕೆ ಮುಖ್ಯ? ಆತುರದ ಸೋರಿಕೆಗೆ ಮೂತ್ರಕೋಶವನ್ನು ಸಡಿಲಗೊಳಿಸುವ ಮಾತ್ರೆ ಕೊಡುತ್ತಾರೆ. ತುಂಬಿ ಹರಿಯುತ್ತಿರುವವರಿಗೆ ಅದನ್ನೇ ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಹೋಗಬಹುದು. ಬಗೆ ತಿಳಿಯದೆ ಮದ್ದು ಕೊಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಲಂಡನ್ನಿನವರು ರೂಪಿಸಿದಂಥ ಒತ್ತಡ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಚಿತ್ರ ಅಸ್ಪಷ್ಟವಿದ್ದಾಗ, ನರಗಳ ಕಾಯಿಲೆ ಇದ್ದಾಗ, ಹಿಂದಿನ ಶಸ್ತ್ರಕ್ರಿಯೆ ವಿಫಲವಾದಾಗ ಮಾಡುತ್ತಾರೆ. ಮೂತ್ರದಲ್ಲಿ ರಕ್ತ, ನೋವು, ಮೂತ್ರ ಕಟ್ಟುವುದು, ಕಾಲುಗಳಲ್ಲಿ ಹೊಸದಾಗಿ ಬಂದ ಬಲಹೀನತೆ, ಕುಳಿತುಕೊಳ್ಳುವ ಭಾಗದಲ್ಲಿ ಜೋಮು ಇದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಚಿಕಿತ್ಸೆಯ ಚರಿತ್ರೆ ಇನ್ನೂ ಮುಗಿದಿಲ್ಲ. 1990ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಉಲ್ಮ್‌ಸ್ಟೆನ್ ಪ್ಲಾಸ್ಟಿಕ್ ಜಾಲರಿಯ ಪಟ್ಟಿಯನ್ನು ಮೂತ್ರನಾಳದ ಕೆಳಗೆ ಇಡುವ ಸಣ್ಣ ಶಸ್ತ್ರಕ್ರಿಯೆ ಬಳಕೆಗೆ ತಂದರು. ಲಕ್ಷಾಂತರ ಮಹಿಳೆಯರಿಗೆ ಅದು ನೆರವಾಯಿತು. ಆದರೆ ಜಾಲರಿಯಿಂದ ತೀವ್ರ ನೋವು ಅನುಭವಿಸಿದವರೂ ಇದ್ದರು. ಅವರ ದೂರುಗಳನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2018ರಲ್ಲಿ ಇಂಗ್ಲೆಂಡ್ ಈ ಬಳಕೆಯನ್ನು ತಡೆಹಿಡಿಯಿತು. ಇನ್ನೊಂದೆಡೆ, 2020ರಲ್ಲಿ ವಿಜ್ಞಾನಿಗಳು ಮೂತ್ರಕೋಶ ತುಂಬಿದ್ದನ್ನು ಗ್ರಹಿಸುವುದರಲ್ಲಿ ಪೀಜೋ-2 ಎಂಬ ಪ್ರೋಟೀನಿನ ಪಾತ್ರವನ್ನು ಗುರುತಿಸಿದರು. ಅದು ಹುಟ್ಟಿನಿಂದಲೇ ಇಲ್ಲದವರಿಗೆ ಮೂತ್ರದ ಸೂಚನೆ ಸರಿಯಾಗಿ ತಿಳಿಯುವುದಿಲ್ಲ, ಗಡಿಯಾರ ನೋಡಿ ಹೋಗುತ್ತಾರೆ. ಈ ಪ್ರೋಟೀನುಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪುಟಿಯನ್ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಒಬ್ಬರು.

ಇಡೀ ಚರಿತ್ರೆಯನ್ನು ಹಿಂತಿರುಗಿ ನೋಡಿದರೆ ಒಂದು ಮಾತು ಸ್ಪಷ್ಟ. ರೋಗಿಯನ್ನು ಕೇಳಿ, ಅಳೆದು, ಬಗೆ ಗುರುತಿಸಿದಾಗ ದಾರಿ ತೆರೆದಿದೆ. ಕೇಳದೆ ಹೋದಾಗ ಅನಾರ್ಕಾಳಿಂದ ಹಿಡಿದು ಜಾಲರಿಯ ನೋವುಂಡವರವರೆಗೆ ಹೆಂಗಸರು ಕಷ್ಟಪಟ್ಟಿದ್ದಾರೆ. ಇಂಥ ವಿಷಯ ದೂರದರ್ಶನದ ಪರದೆಯ ಮೇಲೆ ಬಂದಾಗ ಮನೆಯಲ್ಲಿ ಯಾರೋ ಎದ್ದು ಒಳಗೆ ಹೋಗುವುದುಂಟು. ಬಹುಶಃ ಅದನ್ನು ಎಲ್ಲರಿಗಿಂತ ಹೆಚ್ಚು ಕೇಳಬೇಕಾದವರು ಅವರೇ. ನಿಮ್ಮ ಅಜ್ಜಿ ಜಾತ್ರೆಗೆ ಬರಲೊಲ್ಲೆ ಎಂದರೆ, ತಾತ ರಾತ್ರಿ ನೀರು ಮುಟ್ಟದಿದ್ದರೆ, ನಗಬೇಡಿ, ಗದರಬೇಡಿ. ಇದು ಕಾಯಿಲೆಯ ಲಕ್ಷಣ, ಬಹುಪಾಲು ಸಂದರ್ಭಗಳಲ್ಲಿ ಇದನ್ನು ಗುಣಪಡಿಸಬಹುದು ಅಥವಾ ಹಗುರ ಮಾಡಬಹುದು ಎಂದು ತಿಳಿಸಿ. ಒಂದು ನೋಟ್ ಪುಸ್ತಕ ತೆಗೆದುಕೊಂಡು ಮೂರು ದಿನದ ದಿನಚರಿ ಬರೆಯಲು ಅವರಿಗೆ ನೆರವಾಗಿ. ವೈದ್ಯರ ಬಳಿ ಹೋಗುವಾಗ ಅದನ್ನು ಜೊತೆಗೆ ಕೊಂಡೊಯ್ಯಲಿ.